ಕಂಠಿಯ ಕಾರಿನಲ್ಲಿ ಸಿಕ್ಕಿಕೊಂಡ ಸ್ವೀಡನ್

ಪರ್ತ್ ವಿಮಾನ ನಿಲ್ದಾಣ

ಪರದೇಶಕ್ಕೆ ಹೋಗಿಬಂದವರು ಅಲ್ಲಿ ಮೊದಲು ಏನು ನೋಡಿದೆವೆಂದು ಬರೆಯುತ್ತಾರೆ. ನಾನು ಮೊದಲು ಕೇಳಿಸಿಕೊಂಡದ್ದನ್ನು ಬರೆಯುತ್ತೇನೆ, ಏಕೆಂದರೆ ಅದು ನನ್ನದೇ ಸೂಟ್‌ಕೇಸು. ಸಾಮಾನು ತಪಾಸಣೆಯ ಸಾಲಿನಲ್ಲಿ ನಿಂತಿದ್ದಾಗ ಅದು ಇದ್ದಕ್ಕಿದ್ದಂತೆ ಷಡ್ಜ ಪಂಚಮ ಹಿಡಿದು ಗುಂಯ್ ಎನ್ನತೊಡಗಿತು. ಸೀರೆಗಳ ನಡುವೆ ಸುತ್ತಿಟ್ಟಿದ್ದ ಶ್ರುತಿಪೆಟ್ಟಿಗೆಯ ಗುಂಡಿ ಹೇಗೋ ಒತ್ತಿಕೊಂಡಿತ್ತು. ನನ್ನ ಹಿಂದಿದ್ದವರು ಮೆಲ್ಲಗೆ ಹಿಂದೆ ಸರಿದರು. ಸಾಮಾನು ಮೂಸುವ ನಾಯಿ ಮಾತ್ರ ತಲೆ ವಾರೆ ಮಾಡಿಕೊಂಡು ಕೂತು ಕೇಳಿತು. ನಮ್ಮ ಸಂಗೀತ ಸಭೆಗಳಲ್ಲಿ ಮುಂದಿನ ಸಾಲಿನವರು ಕೂಡ ಅಷ್ಟು ಗಮನ ಕೊಡುವುದಿಲ್ಲ.

ತಪಾಸಣೆಯ ಹೆಂಗಸು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳಿದಳು. ನಾನು ಮೈಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತಳಾದವಳು. ಪಾಠ ಮಾಡುವ ಚಪಲ ಎಲ್ಲಿ ಹೋದೀತು? ಇದು ಸಂಗೀತವಲ್ಲ, ಸಂಗೀತಕ್ಕೆ ಮುಂಚೆ ಬರುವುದು ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ತಕ್ಷಣ ಆರಿಸಲಿಲ್ಲ. ಸ್ವಲ್ಪ ಹೊತ್ತು ಕೇಳಿ, "ಲವ್ಲಿ" ಎಂದು ಹೇಳಿ ಆರಿಸಿದಳು. ಆಮೇಲೆ ನಾನು ಅಕ್ಕರೆಯಿಂದ ತಂದಿದ್ದ ಕರಿಬೇವನ್ನು ತೆಗೆದು ಕಸದ ಡಬ್ಬಿಗೆ ಹಾಕಿದಳು.

ಹೊರಗೆ ನನ್ನ ತಮ್ಮ ಶ್ರೀಕಂಠ ಕಾಯುತ್ತಿದ್ದ. ನಮಗೆಲ್ಲ ಅವನು ಕಂಠಿ. ಪಶ್ಚಿಮ ಆಸ್ಟ್ರೇಲಿಯದ ಕಬ್ಬಿಣದ ಗಣಿಗಳಲ್ಲಿ ಭೂವಿಜ್ಞಾನಿ. ಅಲ್ಲಿಯ ಕೆಲಸದ ಪದ್ಧತಿಯೇ ಬೇರೆ. ವಿಮಾನ ಹತ್ತಿ ಮರುಭೂಮಿಗೆ ಹೋಗಿ ಎರಡು ವಾರ ಗಣಿಯಲ್ಲಿ ಇರುತ್ತಾರೆ, ಮತ್ತೆ ವಿಮಾನ ಹತ್ತಿ ಬಂದು ಒಂದು ವಾರ ಮನೆಯಲ್ಲಿ ಇರುತ್ತಾರೆ. ನಮ್ಮವರು ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿಬಂದಷ್ಟೇ ಸಲೀಸು. ಈ ಸಲ ನಾನು ಬರುತ್ತೇನೆಂದು ಉದ್ದ ರಜೆ ಹಾಕಿದ್ದ.

"ಪ್ರಯಾಣ ಹೇಗಿತ್ತು ಅಕ್ಕ?" ಎಂದ. ಸೂಟ್‌ಕೇಸು ಹಾಡಿದ ಕಥೆಯನ್ನು ಅಭಿನಯದ ಸಮೇತ ಹೇಳಿದೆ. ಪೂರ್ತಿ ಕೇಳಿ, "ಹೌದು, ಈಗ ಸೆಕೆ ಸ್ವಲ್ಪ ಕಮ್ಮಿ ಆಗಿದೆ" ಎಂದ. ನಿಲ್ದಾಣದ ಗದ್ದಲ ಎಂದುಕೊಂಡೆ.

ಜೂಂಡಲಪ್ ದಾರಿ

ಕಂಠಿಯ ಗಾಡಿ ಹಿಂಭಾಗ ತೆರೆದಿರುವ ಹಳೆಯ ವಾಹನ. ಅಲ್ಲಿ ಅದಕ್ಕೆ ಯೂಟ್ ಎನ್ನುತ್ತಾರೆ. ಅದರ ಸೀಟಿನ ಸಂದುಗೊಂದಿಗಳಲ್ಲೆಲ್ಲ ಕೆಂಪು ಮಣ್ಣು. ಚಾವಿ ತಿರುಗಿಸಿದ ಕೂಡಲೇ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಹಾಡತೊಡಗಿತು.

"ಯಾರೋ ಇವಳು?"

"ಸ್ವೀಡನ್ನೋರು. ಡಿಸ್ಕ್ ಒಳಗೇ ಸಿಕ್ಕಾಕ್ಕೊಂಡ್ಬಿಟ್ಟಿದೆ. ಈ ಗಾಡೀಲಿ ಕೂತ್ರೆ ಇದೇ, ಬೇರೆ ಏನೂ ಇಲ್ಲ."

ಇದು ಅವನಿಗೆ ಸಿಕ್ಕಿದ ಬಗೆ ಕೇಳಿ. ಮರುಭೂಮಿಯ ದಾರಿಯಲ್ಲಿ ಎಲ್ಲೋ ಒಂದು ಪೆಟ್ರೋಲ್ ಬಂಕು. ಸರ್ವೋ ಎನ್ನುತ್ತಾನೆ ಅವನು. ಗಲ್ಲಾದ ಪಕ್ಕದ ಬುಟ್ಟಿಯಲ್ಲಿ ಯಾರಿಗೂ ಬೇಡವಾದ ಡಿಸ್ಕುಗಳು. ಒಂದರ ರಕ್ಷಾಪುಟದಲ್ಲಿ ನಾಲ್ಕು ಜನ ಹುಡುಗ ಹುಡುಗಿಯರು ಸಮುದ್ರದ ದಡದ ಬಂಡೆಯ ಮೇಲೆ ಕೂತಿದ್ದರು. ಬೇರೆ ಯಾರಾದರೂ ಹುಡುಗಿಯರ ಮುಖ ನೋಡುತ್ತಿದ್ದರು. ನನ್ನ ತಮ್ಮ ಬಂಡೆ ನೋಡಿದ. ಬೂದು ಬಣ್ಣ, ನಡುವೆ ಬಿಳಿ ಕಪ್ಪು ಪಟ್ಟೆಗಳು ಮಡಿಸಿ ಮಡಿಸಿ ಬಿದ್ದಿವೆ. "ನಮ್ಮ ಲಾಲ್‌ಬಾಗ್ ಬಂಡೆಗೆ ದಾಯಾದಿ ಅಕ್ಕ ಅದು, ನೋಡಿದ್ರೆ ಗೊತ್ತಾಗತ್ತೆ" ಎಂದು ಈಗಲೂ ಉತ್ಸಾಹದಿಂದ ಹೇಳುತ್ತಾನೆ. ಬಂಡೆಗೋಸ್ಕರ ಸಂಗೀತ ಕೊಂಡ ಮನುಷ್ಯ ಪ್ರಪಂಚದಲ್ಲಿ ಇವನೊಬ್ಬನೇ ಇರಬೇಕು. ಗಾಡಿಗೆ ಬಂದು ಡಿಸ್ಕನ್ನು ತೂರಿಸಿದ, ಅದು ಹೊರಗೆ ಬರಲೇ ಇಲ್ಲ.

ಆಲ್ಬಮ್ಮಿನ ಹೆಸರಿಗೆ ನಮ್ಮಲ್ಲಿ 'ಉಪ್ಪಿಲ್ಲದ ಸಮುದ್ರ' ಎಂದು ಅರ್ಥ. ಅವರ ದೇಶದ ಪಕ್ಕದ ಕಡಲಿನಲ್ಲಿ ಉಪ್ಪು ಬಹಳ ಕಡಿಮೆಯಂತೆ. ವಾದ್ಯವೃಂದದ ಹೆಸರು ನನ್ನ ನಾಲಿಗೆಗೂ ಹತ್ತಲಿಲ್ಲ, ಕಂಠಿಯ ನಾಲಿಗೆಗೂ ಹತ್ತಿಲ್ಲ. 'ನಮ್ಮ ಬಂಡೆಯವರು' ಎಂದೇ ಕರೆಯುತ್ತಾನೆ. ಮೊದಮೊದಲು ಸಿಟ್ಟು ಬರುತ್ತಿತ್ತಂತೆ, ಆಮೇಲೆ ಅಭ್ಯಾಸವಾಯಿತಂತೆ. ಆಮೇಲೊಂದು ದಿನ, ಮರವಿಲ್ಲದ ಮನೆಯಿಲ್ಲದ ದಾರಿಯಲ್ಲಿ, ಅವರು ತನಗೋಸ್ಕರವೇ ಹಾಡುತ್ತಿದ್ದಾರೆ ಅನ್ನಿಸಿತಂತೆ.

ನಾನು ಮೂಗು ಮುರಿಯಲು ಸಿದ್ಧಳಾಗಿಯೇ ಕೂತಿದ್ದೆ. ಪಾಪ್ ಎಂದರೆ ಡಬಡಬ ಎಂದು ನನ್ನ ತಿಳಿವಳಿಕೆ. ಆದರೆ ಇವರು ಎಷ್ಟು ಕಡಿಮೆ ನುಡಿಸುತ್ತಾರೆ! ಗಿಟಾರು ನಾಲ್ಕು ಸ್ವರ ಹೇಳಿ ಸುಮ್ಮನಾಗುತ್ತದೆ. ಹುಡುಗಿ ತನ್ನ ದನಿಯನ್ನು ಎಳೆದು ದೊಡ್ಡದು ಮಾಡುವುದೇ ಇಲ್ಲ, ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುವವಳ ಹಾಗೆ ಹಾಡುತ್ತಾಳೆ. ಅಷ್ಟರಲ್ಲೇ ಒಂದು ಚಳಿಯ ದೇಶ, ಅದರ ನೀರು, ಅದರ ಬೇಗ ಮುಗಿಯುವ ಹಗಲು ಎಲ್ಲ ಬಂದು ಕೂತಿತು. ಎಡಗಡೆ ಹಿಂದೂ ಮಹಾಸಾಗರದಲ್ಲಿ ಸೂರ್ಯ ಮುಳುಗುತ್ತಿದ್ದ. ಇದೇ ನೀರು ಆ ಕಡೆ ನಮ್ಮ ದೇಶಕ್ಕೆ ತಾಗುತ್ತದೆ ಎಂದು ನೆನೆದು ಮೈ ಜುಂ ಎಂದಿತು.

ಜೂಂಡಲಪ್ ಬಡಾವಣೆಯ ಅವನ ಮನೆ ಮುಂದೆ ಬಂದರೂ ಕಂಠಿ ಇಂಜಿನ್ ಆರಿಸಲಿಲ್ಲ. "ಇದೊಂದು ಮುಗೀಲಿ ಅಕ್ಕ" ಎಂದ. ಕೊನೆಯ ಹಾಡು. ಅದರ ಕೊನೆಯಲ್ಲಿ ಗಿಟಾರು, ಡ್ರಮ್ಮು, ದನಿ ಎಲ್ಲ ಒಂದೊಂದಾಗಿ ನಿಂತು, ಪುಟ್ಟ ಲೋಹದ ಗಂಟೆಗಳು ಮಾತ್ರ ಉಳಿದುಕೊಂಡವು. ಹೆಚ್ಚುಕಡಿಮೆ ಮೋಹನ ರಾಗದ ಹೆಜ್ಜೆ. ತಾರಸ್ಥಾಯಿಗಿಂತಲೂ ಎಷ್ಟೋ ಮೇಲೆ, ಗಾಜಿನ ಮೇಲೆ ಮಳೆ ಹನಿ ಬಿದ್ದಂತೆ. ಕಂಠಿ ತನ್ನ ದಪ್ಪ ದನಿಯಲ್ಲಿ ಅದೇ ಧಾಟಿಯನ್ನು ಗುನುಗಿದ. ಗಂಟೆಗಳಿಗಿಂತ ಅರ್ಧ ಅಕ್ಷರ ಮುಂದೆ ಓಡುತ್ತಿದ್ದ.

"ಗಂಟೆ ಎಷ್ಟು ಚೆನ್ನಾಗಿದೆ ಕಣೋ" ಎಂದೆ.

"ಚೆನ್ನಾಗಿತ್ತು. ಈಗೆಲ್ಲಿದೆ? ಡಿಸ್ಕ್ ಸವೆದು ಅದೊಂದು ಹೊರಟೋಗಿದೆ. ಇಲ್ಲಿಂದ ಖಾಲಿ. ಅದಕ್ಕೇ ನಾನೇ ಹಾಡ್ಕೋತೀನಿ."

ಅವನು ಈ ಮಾತು ಹೇಳುವಾಗ ಗಂಟೆಗಳು ಇನ್ನೂ ನುಡಿಯುತ್ತಲೇ ಇದ್ದವು. ನಾನು ಅವನ ಮುಖವನ್ನೇ ನೋಡಿದೆ. ತಮಾಷೆಯ ಸುಳಿವಿರಲಿಲ್ಲ.

ಮರುದಿನ ಅವನ ಹೆಂಡತಿ ಸುಧಾಳಿಗೆ ಹೇಳಿದೆ. ಅವಳು ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರು. ಹಚ್ಚುತ್ತಿದ್ದ ಹುರುಳಿಕಾಯಿ ಬಿಟ್ಟು ಕೂತುಬಿಟ್ಟಳು.

"ನಿಮಗೂ ಗೊತ್ತಾಯ್ತಾ ಅಕ್ಕ? ಡ್ರಿಲ್ ಮಷೀನ್ ಪಕ್ಕ ಇಷ್ಟು ವರ್ಷ ನಿಂತು ಕಿವಿ ಹೋಗಿದೆ. ದಪ್ಪ ಶಬ್ದ ಎಲ್ಲ ಕೇಳ್ಸತ್ತೆ, ಸಣ್ಣ ಶಬ್ದ ಹೋಗ್ಬಿಟ್ಟಿದೆ. ಹೋದ ಸಲ ಗಣೀಲಿ ನೀರಿನ ಲಾರಿ ರಿವರ್ಸ್ ಬರ್ತಿತ್ತಂತೆ, ಬೀಪ್ ಬೀಪ್ ಅಂತ ಹೊಡ್ಕೊಳ್ತಾನೇ ಇತ್ತಂತೆ. ಇವ್ರು ಕಲ್ಲು ನೋಡ್ಕೊಂಡು ನಿಂತಿದಾರೆ. ಜೊತೆಯವ್ರು ಯಾರೋ ಅಂಗಿ ಹಿಡಿದು ಎಳೆದ್ರಂತೆ. ಕೇಳಿದ್ರೆ ಬೀಪರ್ ಕೆಟ್ಟಿತ್ತು ಅಂತಾರೆ."

"ಪರೀಕ್ಷೆ ಮಾಡಿಸೋಕೆ ಏನಾಗಿದೆ ಇವನಿಗೆ?"

"ಏನೋ ನೆಪ ಹೇಳಿ ಮುಂದಕ್ಕೆ ಹಾಕ್ತಾನೇ ಇದಾರೆ. ಹಿತ್ತಲ ಗಿಡ ಮದ್ದಲ್ಲ ಅಲ್ವಾ ಅಕ್ಕ. ರಜ ಮುಗಿದ್ರೆ ಮತ್ತೆ ಅದೇ ಗಣಿಗೆ ಹೋಗ್ತಾರೆ. ಮುಂದಿನ ಸಲ ಅಂಗಿ ಎಳೆಯೋಕೆ ಯಾರೂ ಇಲ್ದಿದ್ರೆ?"

ಆ ಪ್ರಶ್ನೆ ನನ್ನ ಮುಂದಿನ ಪ್ರವಾಸದುದ್ದಕ್ಕೂ ಜೊತೆಗೆ ಬಂತು.

ಕೆಂಪು ನೆಲ

ಕಂಠಿ ನನ್ನನ್ನು ಪರ್ತಿನಿಂದ ಒಳನಾಡಿಗೆ ಕರೆದುಕೊಂಡು ಹೋದ. ನೆಲ ಎಂದರೆ ಇಷ್ಟಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕುಂಕುಮದ ಬಣ್ಣದ ಮಣ್ಣು, ನೇರವಾದ ದಾರಿ, ಎಷ್ಟು ಹೋದರೂ ಹತ್ತಿರವಾಗದ ಅಂಚು. ಎದುರಿನಿಂದ ಅಪರೂಪಕ್ಕೆ ಒಂದು ಗಾಡಿ ಬಂದರೆ ಆ ಡ್ರೈವರು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಾನೆ, ಕಂಠಿಯೂ ಒಂದು ಬೆರಳು ಎತ್ತುತ್ತಾನೆ. ನಮ್ಮಲ್ಲಿ ಎದುರು ಬಂದವನಿಗೆ ಇಡೀ ಕೈ ಎತ್ತಿ ಬೈಯುವುದು ರೂಢಿ.

ಒಂದು ಬಂಡೆಯ ಹತ್ತಿರ ಗಾಡಿ ನಿಲ್ಲಿಸಿ ಇಳಿದ. ಮಗುವಿನ ತಲೆ ಸವರುವಂತೆ ಅದನ್ನು ಸವರಿ, "ಭೂಮೀಲಿ ಮೀನು, ಗಿಡ ಏನೂ ಇಲ್ದಾಗಿಂದ ಇದು ಇಲ್ಲೇ ಕೂತಿದೆ ಅಕ್ಕ" ಎಂದ. ನಾನು ಚಪ್ಪಲಿ ಬಿಟ್ಟು ಮುಟ್ಟಿದೆ. ದೇವಸ್ಥಾನಕ್ಕೆ ಹೋದಾಗಲೂ ನನಗೆ ಇಷ್ಟು ಭಯಭಕ್ತಿ ಬಂದದ್ದು ಕಡಿಮೆ. ತಮ್ಮ ಯಾಕೆ ಈ ಕೆಲಸ ಬಿಡಲಾರ ಎಂಬುದು ಆಗ ತಿಳಿಯಿತು. ಕಿವಿ ಸರಿಯಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ಅವನನ್ನು ಊರಿನ ಆಫೀಸಿನಲ್ಲಿ ಕೂರಿಸುತ್ತಾರೆ.

"ಕೇಳು ಅಕ್ಕ" ಎಂದು ಕಣ್ಣು ಮುಚ್ಚಿದ. "ಇಂಥ ನಿಶ್ಶಬ್ದ ನಿನಗೆ ಮೈಸೂರಲ್ಲಿ ಎಲ್ಲಿ ಸಿಗತ್ತೆ?"

ನಾನೂ ಕಣ್ಣು ಮುಚ್ಚಿದೆ. ಪೊದೆ ಪೊದೆಯಲ್ಲೂ ಜೀರುಂಡೆಗಳು ಕಿರ್ರೆಂದು ಕೂಗುತ್ತಿದ್ದವು. ಸಣ್ಣ ಹಕ್ಕಿಗಳ ಹಿಂಡೊಂದು ಸಿಳ್ಳೆ ಹಾಕುತ್ತಾ ತಲೆಯ ಮೇಲೆ ಹಾದುಹೋಯಿತು. ನನಗೆ ಅಳು ಬಂತು. "ಹೌದು ಕಣೋ" ಎಂದೆ.

ಬ್ರಿಸ್ಬೇನ್, ರನ್‌ಕಾರ್ನ್

ಅಲ್ಲಿಂದ ಕಂಠಿಯೂ ನಾನೂ ವಿಮಾನದಲ್ಲಿ ಬ್ರಿಸ್ಬೇನಿಗೆ ಬಂದೆವು. ಅವನ ಮಗಳು ಇಳಾ ಇಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು, ಮನೆ ರನ್‌ಕಾರ್ನ್ ಬಡಾವಣೆಯಲ್ಲಿ. ಭೂವಿಜ್ಞಾನಿ ಮಗಳಿಗೆ ಭೂಮಿಯ ಹೆಸರನ್ನೇ ಇಟ್ಟಿದ್ದಾನೆ. ಅವಳು ನನ್ನ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಎರಡು ದಿನಕ್ಕೆ ನಮ್ಮಿಬ್ಬರಿಗೂ ಅದು ರೂಢಿಯಾಯಿತು.

ಈ ಊರಿನ ಸೆಕೆ ಮಂಗಳೂರಿನ ಸೆಕೆ. ಸೂಪರ್ ಮಾರ್ಕೆಟ್ಟಿನಲ್ಲಿ ದೊಡ್ಡ ದೊಡ್ಡ ಗಂಡಸರು ಬರಿಗಾಲಲ್ಲಿ ಓಡಾಡುತ್ತಾರೆ. ಯಾವ ಹರಕೆಯೋ ಎಂದುಕೊಂಡೆ, ಸುಮ್ಮನೆ ಅಂತೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ನಾನೂ ಹೇಳುವ ಭರದಲ್ಲಿ ಎರಡು ಸ್ಟಾಪು ಮೊದಲೇ ಇಳಿದುಬಿಟ್ಟೆ. ಇಳಾಳ ಹಿತ್ತಲಿನಲ್ಲಿ ಬೇಲಿ ಮೀರಿ ಬೆಳೆದ ಕರಿಬೇವಿನ ಮರ. ಪರ್ತಿನಲ್ಲಿ ಒಂದು ಹಿಡಿ ಕರಿಬೇವಿಗೆ ನಾನು ಪಟ್ಟ ಸಂಕಟ ನೆನೆದು ನಗು ಬಂತು. ಮುಸ್ಸಂಜೆ ದೊಡ್ಡ ಬಾವಲಿಗಳು ಆಕಾಶ ತುಂಬಿಕೊಂಡು ಹೊರಟವು. ಮುಗಿಯಿತು ಎನ್ನುವಷ್ಟರಲ್ಲಿ ಇನ್ನಷ್ಟು ಬಂದವು. ಕತ್ತು ನೋಯುವವರೆಗೂ ಬಾಯಿ ತೆರೆದುಕೊಂಡು ನೋಡಿದೆ.

ಊಟವಾದ ಮೇಲೆ ಇಳಾ ಫೋನನ್ನು ಒಳ್ಳೆಯ ಸ್ಪೀಕರಿಗೆ ಜೋಡಿಸಿ ಅದೇ ಆಲ್ಬಮ್ಮಿನ ಕೊನೆಯ ಹಾಡು ಹಾಕಿದಳು. ಗಂಟೆಗಳು ಶುರುವಾದಾಗ ಅವಳೂ ನಾನೂ ಕಂಠಿಯನ್ನೇ ನೋಡುತ್ತಿದ್ದೆವು. ಅವನು ಗುನುಗಲು ಶುರು ಮಾಡಿದ. ಮುಗಿಸಿ, "ಫೋನಲ್ಲಿ ಎಲ್ಲಾ ಹಿಂಡಿ ಸಣ್ಣ ಮಾಡ್ಬಿಡ್ತಾರೆ. ಇಲ್ಲೂ ಗಂಟೆ ಹೋಗಿದೆ ನೋಡು" ಎಂದ.

"ಅಪ್ಪಾ, ಇಟ್ಸ್ ರೈಟ್ ದೇರ್" ಎಂದಳು ಇಳಾ ಮೆಲ್ಲಗೆ.

"ನಿಮ್ಮ ಕಾಲದೋರಿಗೆ ಒರಿಜಿನಲ್ ಹೇಗಿತ್ತು ಅಂತ ಗೊತ್ತಿಲ್ಲ ಪುಟ್ಟಿ" ಎಂದು ಎದ್ದು ಹೋದ.

ಪಾತ್ರೆ ಒರೆಸುತ್ತಾ ಇಳಾ ನನಗೆ ಎರಡು ಟಿಕೆಟ್ ಕೊಟ್ಟಳು. ಬಂಡೆಯವರು ಆಸ್ಟ್ರೇಲಿಯಕ್ಕೆ ಬಂದಿದ್ದಾರೆ, ಅಡಿಲೇಡಿನ ಒಂದು ಪಾರ್ಕಿನಲ್ಲಿ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತಾರೆ. ಅಪ್ಪನ ಹುಟ್ಟುಹಬ್ಬಕ್ಕೆ ತನ್ನ ಉಡುಗೊರೆ, ಆದರೆ ತನಗೆ ಡ್ಯೂಟಿ ಇದೆ ಎಂದಳು. ಅಲ್ಲಿ ದೂರುವುದಕ್ಕೆ ಡಿಸ್ಕೂ ಇರುವುದಿಲ್ಲ, ಫೋನೂ ಇರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿಕೊಂಡಳು. ಅಪ್ಪನಿಗೆ ಅತ್ಯಂತ ಇಷ್ಟವಾದದ್ದನ್ನೇ ಬಲೆಯ ಹಾಗೆ ಒಡ್ಡುತ್ತಿದ್ದೇನೆ ಎಂದು ಅವಳಿಗೆ ಸಂಕಟ.

"ಸ್ಟೇ ಕ್ಲೋಸ್ ಟು ಹಿಮ್ ಅತ್ತೆ" ಎಂದಳು. ಆಮೇಲೆ, ಅಪರೂಪಕ್ಕೆ ಕನ್ನಡದಲ್ಲಿ, "ಕೈ ಬಿಡಬೇಡಿ" ಎಂದಳು.

ಅಡಿಲೇಡ್

ಅಡಿಲೇಡಿನಲ್ಲಿ ನಾವು ಉಳಿದದ್ದು ಬ್ಲೇರ್ ಅಥಾಲ್‌ನ ಡಾಕ್ಟರ್ ಸಲೀಂ ಅವರ ಮನೆಯಲ್ಲಿ. ಶಿವಮೊಗ್ಗದವರು, ಸುಧಾ ಈ ದೇಶಕ್ಕೆ ಹೊಸದಾಗಿ ಬಂದಾಗ ಕೆಲಸ ಕಲಿಸಿದವರು, ಈಗ ನಿವೃತ್ತರು. ಅವರ ಬೇಗಂ ಬೆಳಗ್ಗೆಯೇ ಅಕ್ಕಿರೊಟ್ಟಿ ತಟ್ಟಿ, ಹಿತ್ತಲಿನ ಅಂಜೂರ ಕಿತ್ತು ತಂದು ಬಲವಂತ ಮಾಡಿದರು. ಸಲೀಂ ಅವರ ಎರಡೂ ಕಿವಿಯ ಹಿಂದೆ ಸಣ್ಣ ಯಂತ್ರ. ಅದನ್ನು ಮುಟ್ಟಿ ತೋರಿಸಿ, "ಇದು ಬಂದ್ಮೇಲೆ ಸಂಸಾರ ಸುಖವಾಗಿದೆ ನೋಡಿ. ಹಕ್ಕಿ ಕೂಗಿದ್ರೆ ಹಾಕ್ಕೋತೀನಿ, ಇವ್ಳು ಕೂಗಿದ್ರೆ ತೆಗೆದಿಡ್ತೀನಿ" ಎಂದರು. ಬೇಗಂ ಸೌಟು ತೋರಿಸಿದರು. ಕಂಠಿ ಎಲ್ಲರಿಗಿಂತ ಜೋರಾಗಿ ನಕ್ಕು, "ನಿಮ್ಮ ವಯಸ್ಸಿಗೆ ನಾನೂ ಹಾಕ್ಕೋತೀನಿ ಬಿಡಿ ಡಾಕ್ಟ್ರೇ" ಎಂದ.

ಪಾರ್ಕಿನಲ್ಲಿ ಮಧ್ಯಾಹ್ನದಿಂದಲೇ ಜನ ಜಮಖಾನ ಹಾಸಿಕೊಂಡು ಕೂತಿದ್ದರು. ಬುಟ್ಟಿ ತುಂಬ ತಿಂಡಿ, ಹಾಲುಗಲ್ಲದ ಮಕ್ಕಳು, ನಾಯಿಗಳು. ದಸರೆಯಲ್ಲಿ ಅರಮನೆ ಮುಂದೆ ಕಛೇರಿ ಕೇಳಲು ಬಂದವರ ಹಾಗೆಯೇ, ನೂಕಾಟವೊಂದು ಇಲ್ಲ. ಪುಟ್ಟ ಮಕ್ಕಳ ಕಿವಿಗೆಲ್ಲ ದಪ್ಪ ದಪ್ಪ ಮುಚ್ಚಳಗಳು. ಇದೇನೋ ಎಂದೆ. "ಜೋರು ಸೌಂಡಿಗೆ ಕಿವಿ ಹಾಳಾಗ್ಬಾರ್ದು ಅಂತ. ಇಲ್ಲಿ ಜನ ಮಕ್ಕಳ ವಿಷಯದಲ್ಲಿ ಬಹಳ ಹುಷಾರು" ಎಂದು ನನ್ನ ತಮ್ಮ ಮೆಚ್ಚಿಕೊಂಡು ವಿವರಿಸಿದ.

ಬಂಡೆಯವರು ಬಂದರು. ರಕ್ಷಾಪುಟದ ಹುಡುಗಿಗೆ ಈಗ ಕನ್ನಡಕ, ತಲೆಯಲ್ಲಿ ಬಿಳಿ ಕೂದಲು. ನಾವು ಮುದುಕರಾದೆವು, ಆ ಬಂಡೆ ಮಾತ್ರ ಹಾಗೇ ಇದೆ ಎಂದಳು. ಜನ ನಕ್ಕರು. ಕಂಠಿಗೆ ಕೈಕಾಲು ನಿಲ್ಲಲಿಲ್ಲ. "ಬಂಡೆ ವಿಷಯ ಹೇಳಿದ್ಲು ಅಕ್ಕ, ಕೇಳಿದ್ಯಾ?" ಎಂದು ನನ್ನ ಭುಜ ಅಲುಗಿಸಿದ. ಒಂದೊಂದೇ ಹಾಡು ಬಂತು. ಗಾಡಿಯ ಡಬ್ಬಿಯಲ್ಲಿ ಇಷ್ಟು ದಿನ ಬಂದಿಯಾಗಿದ್ದ ದನಿ ಆಕಾಶದ ಕೆಳಗೆ ಹರಡಿಕೊಂಡಿತು. ಅವಳು ಮೆಲ್ಲಗೆ ಹಾಡಿದಷ್ಟೂ ಜನ ಮೆಲ್ಲಗಾದರು. ಅಷ್ಟು ದೊಡ್ಡ ಗುಂಪು ಉಸಿರು ಹಿಡಿದುಕೊಂಡು ಕೂತದ್ದನ್ನು ನಾನು ದೊಡ್ಡ ವಿದ್ವಾಂಸರ ಕಛೇರಿಗಳಲ್ಲಿ ಮಾತ್ರ ಕಂಡಿದ್ದೆ. ನಾನು ಮಾತ್ರ ಉಳಿದ ಹಾಡುಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದೆ, ಏಕೆಂದರೆ ಕೊನೆಯ ಹಾಡು ಹತ್ತಿರ ಬರುತ್ತಿತ್ತು.

ಬಂತು. ಡ್ರಮ್ಮು ನಿಂತಿತು, ಗಿಟಾರುಗಳು ನಿಂತವು. ಕನ್ನಡಕದ ಹೆಂಗಸು ಮೈಕು ಬಿಟ್ಟು ಪಕ್ಕದ ಮೇಜಿನ ಹತ್ತಿರ ಹೋದಳು. ಲೋಹದ ಪಟ್ಟಿಗಳ ಸಣ್ಣ ವಾದ್ಯ, ಕೈಯಲ್ಲಿ ಎರಡು ಪುಟ್ಟ ಕೋಲು. ಬಾರಿಸತೊಡಗಿದಳು. ಕಂಠಿ ತಕ್ಷಣ ನೆನಪಿನಿಂದ ಗುನುಗಲು ಶುರು ಮಾಡಿದ, ಮುಖದಲ್ಲಿ ನಗು. ಆದರೆ ಅವಳು ಡಿಸ್ಕಿನಲ್ಲಿದ್ದಷ್ಟಕ್ಕೆ ನಿಲ್ಲಿಸಲಿಲ್ಲ. ಒಳ್ಳೆಯ ಹಾಡುಗಾರರು ಮಾಡುವಂತೆ ಹೊಸ ಸಂಗತಿ ಹಾಕಿದಳು, ಮೇಲಕ್ಕೆ ಹೋದಳು, ತಿರುಗಿದಳು, ಇನ್ನೂ ಮೇಲಕ್ಕೆ ಹೋದಳು. ಕಂಠಿಯ ಗುನುಗು ಮುಗಿಯಿತು. ಅವಳ ಕೈಗಳು ಆಡುತ್ತಲೇ ಇದ್ದವು.

ಅವನು ಆ ಕೈಗಳನ್ನು ನೋಡಿದ. ಆಮೇಲೆ ಸುತ್ತಲಿನ ಜನರನ್ನು ನೋಡಿದ. ಎಲ್ಲರೂ ಕೇಳುತ್ತಿದ್ದರು, ಕೆಲವರು ಕಣ್ಣು ಮುಚ್ಚಿದ್ದರು. ಅವನ ಮುಖದ ನಗು ಹೊರಟುಹೋಯಿತು. ನನ್ನ ತಮ್ಮ ಅಷ್ಟು ಒಂಟಿಯಾಗಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಅಕ್ಕ" ಎಂದ. "ಏನು ಬಾರಿಸ್ತಿದಾಳೆ?"

ನಮ್ಮ ಪಾಠದಲ್ಲಿ ಒಂದು ರೂಢಿ ಇದೆ. ಮಗುವಿನ ಕಂಠ ತಾರಸ್ಥಾಯಿಗೆ ಏರದಿದ್ದರೆ ಅದನ್ನೇ ಮಂದ್ರದಲ್ಲಿ ಹಾಡಿಸುತ್ತೇವೆ. ಸ್ವರ ಅದೇ, ಅಟ್ಟದಿಂದ ಇಳಿದು ನಡುಮನೆಗೆ ಬಂದಿರುತ್ತದೆ ಅಷ್ಟೇ. ನಾನು ಅವನ ಕಿವಿಯ ಹತ್ತಿರ ಬಗ್ಗಿ, ನನ್ನ ಮುದಿ ಗಂಟಲು ಎಷ್ಟು ಕೆಳಗೆ ಇಳಿದೀತೋ ಅಷ್ಟು ಇಳಿಸಿ, ಅವಳು ಬಾರಿಸಿದ್ದನ್ನು ಒಂದಕ್ಷರ ಹಿಂದಿನಿಂದ ಹಿಡಿದು ಹಾಡಿದೆ. ಗಾ ಪಾ ದಾ, ಪದಸಾ, ದಪಗಾ. ಅವನ ಅಂಗೈ ತೆಗೆದುಕೊಂಡು ಅದರ ಮೇಲೆ ತಾಳ ಹಾಕಿದೆ. ಅವಳು ಮೇಲೆ ಹೋದಾಗ ನಾನು ಕೆಳಗೆ ಹೋದೆ. ಎರಡು ಕಡೆ ತಪ್ಪಿದೆ, ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅವನ ಬೆರಳುಗಳು ನನ್ನ ಮಣಿಕಟ್ಟಿನ ಮೇಲೆ ತಾಳ ಹಾಕತೊಡಗಿದವು. ಸರಿಯಾಗಿ ಹಾಕುತ್ತಿದ್ದ.

"ಕೇಳ್ಸತ್ತಾ?" ಎಂದೆ.

"ನೀನು ಕೇಳ್ಸ್ತೀಯ" ಎಂದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನೂ ಅಳುತ್ತಲೇ ಹಾಡಿದೆ. ಶ್ರುತಿ ಎಲ್ಲಿ ನಿಂತಿತೋ ದೇವರಿಗೇ ಗೊತ್ತು.

ಜನ ಜಮಖಾನ ಮಡಿಸುತ್ತಿದ್ದರು. ನಾವಿಬ್ಬರೂ ಕೂತೇ ಇದ್ದೆವು. ಕಂಠಿ ಫೋನ್ ತೆಗೆದು ಸ್ಪೀಕರ್ ಹಾಕಿ ಸುಧಾಳಿಗೆ ಮಾಡಿದ. ಅವಳು ಪ್ರೋಗ್ರಾಂ ಹೇಗಿತ್ತು ಎಂದು ಕೇಳಿದಳು.

"ಡಿಸ್ಕ್ ಚೆನ್ನಾಗೇ ಇದೆ ಕಣೇ" ಎಂದ.

ಒಂದು ಕೈಯಲ್ಲಿ ಹುಲ್ಲನ್ನು ಸವರಿದ.

"ಗಣಿಗೆ ಹೋಗೋ ಮುಂಚೆ ಕಿವಿ ತೋರಿಸ್ಬೇಕು. ಅಪಾಯಿಂಟ್‌ಮೆಂಟ್ ತಗೊಂಡ್ಬಿಡು" ಎಂದ. ಆಮೇಲೆ, "ಸುಧಾ, ಆ ಲಾರಿ ಬೀಪರ್ರೂ ಚೆನ್ನಾಗೇ ಇತ್ತು" ಎಂದ.